ರೇಡಿಯೊ ಬಟನ್ ಸಿಂಗರಿಸುವಾಗ ನಾನು ಮುಟ್ಟದೆ ಬಿಡುವುದು

ಡಿಸೈನರ್ ಕೊಟ್ಟ ಚಿತ್ರದಲ್ಲಿ ರೇಡಿಯೊ ಬಟನ್ (ಹಲವು ಉತ್ತರಗಳಲ್ಲಿ ಒಂದನ್ನೇ ಆರಿಸುವ ದುಂಡು ಗುಂಡಿ) ಎಷ್ಟೇ ಚೆಂದ ಇರಲಿ, ಅದನ್ನು ಡಿವ್ ಎಂಬ ಬರಿಯ ಪೆಟ್ಟಿಗೆಯಿಂದ ಕಟ್ಟಲು ನಾನು ಹೋಗುವುದಿಲ್ಲ. ಪುಟ ಕಟ್ಟುವ ಭಾಷೆ ಎಚ್‌ಟಿಎಂಎಲ್‌ನಲ್ಲಿ ಇದಕ್ಕೆಂದೇ ಇರುವ ಇನ್‌ಪುಟ್ಟನ್ನೇ ಇಟ್ಟುಕೊಳ್ಳುತ್ತೇನೆ. ಇಡೀ ರೇಡಿಯೊ ಗುಂಪಿಗೆ ಟ್ಯಾಬ್ ಕೀ ಒಮ್ಮೆ ನಿಲ್ಲುತ್ತದೆ, ಒಳಗೆ ಓಡಾಡಲು ಬಾಣದ ಕೀಗಳು. ಚೆಕ್‌ಬಾಕ್ಸ್ ಆದರೆ ಒಂದೊಂದಕ್ಕೂ ಟ್ಯಾಬ್, ಟಿಕ್ ಹಾಕಲು ಸ್ಪೇಸ್‌ಬಾರ್. ಬ್ರೌಸರ್ ಪುಕ್ಕಟೆ ಕೊಡುವ ಇದನ್ನೆಲ್ಲ ಜಾವಾಸ್ಕ್ರಿಪ್ಟ್‌ನಲ್ಲಿ ಮತ್ತೆ ಬರೆಯುವ ಉಸಾಬರಿ ಯಾಕೆ?

ಬಣ್ಣವಷ್ಟೇ ಬದಲಾಗಬೇಕಿದ್ದರೆ ಪುಟದ ಅಂದ ಹೊಂದಿಸುವ ಭಾಷೆ ಸಿಎಸ್‌ಎಸ್‌ನ ಆಕ್ಸೆಂಟ್-ಕಲರ್ ಸಾಕು, ಒಂದೇ ಸಾಲು. ಆಕಾರವೂ ಬೇರೆ ಬೇಕೆಂದಾಗ ನಿಜವಾದ ಕೆಲಸ ಶುರು. ಬಹಳ ಜನ ಮೂಲ ಇನ್‌ಪುಟ್‌ಗೆ display: none ಕೊಟ್ಟು ಪೂರ್ತಿ ಅಡಗಿಸಿಬಿಡುತ್ತಾರೆ. ಅಲ್ಲಿಗೆ ಕೀಬೋರ್ಡಿಗೂ ಪರದೆಯಲ್ಲಿರುವುದನ್ನು ಓದಿ ಹೇಳುವ ಸ್ಕ್ರೀನ್ ರೀಡರಿಗೂ ಅದು ಇಲ್ಲವೇ ಇಲ್ಲ. ಒಂದು ಪಿಕ್ಸೆಲ್‌ಗೆ ಕುಗ್ಗಿಸಿ ಮೂಲೆಗೆ ತಳ್ಳುವ ಉಪಾಯವೂ ನನಗೆ ಒಗ್ಗದು. ಆಂಡ್ರಾಯ್ಡ್‌ನ ಸ್ಕ್ರೀನ್ ರೀಡರ್ ಟಾಕ್‌ಬ್ಯಾಕ್ ಹಾಕಿಕೊಂಡು ಪರದೆಯ ಮೇಲೆ ಬೆರಳಾಡಿಸಿ ಹುಡುಕುವವರಿಗೆ ಬಟನ್ ಇರಬೇಕಾದ ಜಾಗದಲ್ಲೇ ಸಿಗುವುದಿಲ್ಲ. ನಾನು ಒಪಾಸಿಟಿ 0 ಮಾಡಿ, ಅಂದರೆ ಪೂರ್ತಿ ಪಾರದರ್ಶಕವಾಗಿಸಿ, ಇನ್‌ಪುಟ್ಟನ್ನು ನಾನೇ ಬಿಡಿಸಿದ ಬಟನ್ ಚಿತ್ರದ ಮೇಲೆ ಅದೇ ಅಳತೆಗೆ ಹಾಸುತ್ತೇನೆ. ಕಣ್ಣಿಗೆ ಕಾಣುವುದು ಕೆಳಗಿನ ಚಿತ್ರ, ಬೆರಳಿಗೆ ಸಿಗುವುದು ಅಸಲಿ ಬಟನ್. ಕೀಬೋರ್ಡಿನಿಂದ ಬಟನ್ ತಲುಪಿದಾಗ, ಅಂದರೆ ಫೋಕಸ್ ಬಂದಾಗ, ಸುತ್ತ ಮೂಡುವ ಗೆರೆಯೂ ಹೀಗೆ ಮರೆಯಾಗುವುದರಿಂದ ಅದನ್ನು ಚಿತ್ರಕ್ಕೆ ಬೇರೆಯಾಗಿ ಕೊಡಬೇಕು.

ಚಿತ್ರವನ್ನು ಬಾರ್ಡರ್‌ಗಳಿಂದಲೇ ಬಿಡಿಸುತ್ತೇನೆ. ವಿಂಡೋಸ್‌ನ ಹೈ ಕಾಂಟ್ರಾಸ್ಟ್ ಮೋಡ್ ನಮ್ಮ ಹಿನ್ನೆಲೆ ಬಣ್ಣವನ್ನೂ ನೆರಳನ್ನೂ ತೆಗೆದುಹಾಕುತ್ತದೆ; ಹಿನ್ನೆಲೆ ಬಣ್ಣ ತುಂಬಿ ಮಾಡಿದ ಚುಕ್ಕೆ ಅಲ್ಲಿ ಮಾಯ, ಬಾರ್ಡರ್ ಉಳಿಯುತ್ತದೆ. ಆ ಬಾರ್ಡರ್‌ಗೆ ಪಕ್ಕದ ಬಣ್ಣದೊಂದಿಗೆ ಕನಿಷ್ಠ 3:1 ಕಾಂಟ್ರಾಸ್ಟ್ ಇರಬೇಕೆಂದು ಎಲ್ಲರಿಗೂ ಬಳಸಲು ಬರುವ ವೆಬ್ ಪುಟಗಳ ಮಾರ್ಗಸೂಚಿ ಡಬ್ಲ್ಯುಸಿಎಜಿ ಹೇಳುತ್ತದೆ. ಡಿಸೈನರ್‌ಗಳಿಗೆ ಪ್ರಿಯವಾದ ತೆಳು ಬೂದುಬಣ್ಣದ ಮೇಲೆ ನನ್ನ ಜಗಳವೆಲ್ಲ ಇಲ್ಲೇ. 2023ರಲ್ಲಿ ಬಂದ 2.2 ಆವೃತ್ತಿ ಒತ್ತುವ ಜಾಗಕ್ಕೆ 24 ಪಿಕ್ಸೆಲ್ ಉದ್ದಗಲ ಕೇಳುತ್ತದೆ. ನಾನು 44 ಇಡುತ್ತೇನೆ. ಲೇಬಲ್ ಒತ್ತಿದರೂ ಆಯ್ಕೆಯಾಗಲೇಬೇಕು.

ಪ್ರಶ್ನೆ ಫೀಲ್ಡ್‌ಸೆಟ್‌ನ (ಆಯ್ಕೆಗಳನ್ನು ಒಂದು ಗುಂಪಾಗಿಸುವ ಟ್ಯಾಗ್) ಲೆಜೆಂಡ್ ಒಳಗೆ, ಅಂದರೆ ಆ ಗುಂಪಿನ ಶೀರ್ಷಿಕೆಯಲ್ಲಿ ಹೋಗುತ್ತದೆ, ಚುಟುಕಾಗಿ. ಅದಿಲ್ಲದಿದ್ದರೆ ಸ್ಕ್ರೀನ್ ರೀಡರಿನಲ್ಲಿ ಕೇಳಿಸಿಕೊಳ್ಳುವವರಿಗೆ ‘ಹೌದು’, ‘ಇಲ್ಲ’ ಎಂಬ ಉತ್ತರಗಳು ಮಾತ್ರ, ಪ್ರಶ್ನೆಯೇ ಇಲ್ಲ.

ಒಮ್ಮೆ ಆರಿಸಿದ ರೇಡಿಯೊವನ್ನು ಬಳಕೆದಾರರು ಖಾಲಿ ಮಾಡಲಾರರು. ಹಾಗಾಗಿ ಉತ್ತರ ಕಡ್ಡಾಯವಲ್ಲದ ಕಡೆ ‘ಯಾವುದೂ ಅಲ್ಲ’ ಎಂಬ ಆಯ್ಕೆಯನ್ನೂ ಸೇರಿಸುತ್ತೇನೆ. ಆರಿಸಿದ ಕೂಡಲೇ ಮುಂದಿನ ಪುಟಕ್ಕೆ ಜಿಗಿಸುವ ಬೇಡಿಕೆಗೆ ಮಾತ್ರ ಒಪ್ಪುವುದಿಲ್ಲ. ಬಾಣದ ಕೀ ಒತ್ತುತ್ತಿದ್ದಂತೆಯೇ ಆಯ್ಕೆ ಬದಲಾಗುತ್ತದಲ್ಲ, ಕೀಬೋರ್ಡ್ ಬಳಸುವವರು ಮೂರನೆಯ ಆಯ್ಕೆ ತಲುಪುವ ಮೊದಲೇ ಪುಟ ಹೋಗಿಬಿಟ್ಟಿರುತ್ತದೆ.