ರಿಲೇಯಲ್ಲಿ ಚೆಕ್ ಮಾರ್ಕ್: ನನ್ನ ಅನುಭವ

4×100 ರಿಲೇ ಅಂದರೆ ನಾಲ್ವರು ತಲಾ 100 ಮೀಟರ್ ಓಡಿ, ಬ್ಯಾಟನ್ ಅನ್ನುವ ಕೋಲನ್ನು ಕೈಯಿಂದ ಕೈಗೆ ದಾಟಿಸುವ ಓಟ. ಅದರಲ್ಲಿ ನಾನು ಎರಡನೇ ಲೆಗ್, ಅಂದರೆ ಎರಡನೆಯವರ ಪಾಲಿನ ದೂರ, ಓಡುತ್ತೇನೆ. ತಂಡಕ್ಕೆ ಹೊಸಬರು ಬಂದರೆ ಅವರಿಗೆ ನಾನು ಮೊದಲು ಕಲಿಸುವುದು ಚೆಕ್ ಮಾರ್ಕ್ ಹಾಕುವುದನ್ನು, ಅಂದರೆ ಬ್ಯಾಟನ್ ತರುವವನು ಎಲ್ಲಿಗೆ ತಲುಪಿದಾಗ ನಾವು ಹೊರಡಬೇಕು ಅನ್ನುವ ಗುರುತು ಹಾಕುವುದನ್ನು. ಓಟದ ವೇಗ ಆಮೇಲೆ ನೋಡಿಕೊಂಡರಾಯ್ತು.

ಜಮೈಕಾ ತಂಡ 2012ರ ಲಂಡನ್ ಒಲಿಂಪಿಕ್ಸ್‌ನಲ್ಲಿ 36.84 ಸೆಕೆಂಡಿನಲ್ಲಿ ಈ ಓಟ ಮುಗಿಸಿತು. ಉಸೇನ್ ಬೋಲ್ಟ್ 100 ಮೀಟರ್ ವಿಶ್ವದಾಖಲೆ 9.58 ಸೆಕೆಂಡ್, ಅದರ ನಾಲ್ಕು ಪಟ್ಟು ಅಂದರೂ 38.32 ಆಗುತ್ತದೆ. ಇಷ್ಟು ವ್ಯತ್ಯಾಸ ಎಲ್ಲಿಂದ ಬಂತು? ಬ್ಲಾಕ್‌ಗೆ (ಪಾದ ಒತ್ತಿ ಹೊರಡುವ ಆಸರೆ) ಕಾಲು ಕೊಟ್ಟು ನಿಂತಲ್ಲಿಂದ ಏಳುವುದು ಮೊದಲ ಓಟಗಾರ ಮಾತ್ರ, ಉಳಿದ ಮೂವರ ಕೈಗೆ ಬ್ಯಾಟನ್ ಬರುವಾಗ ಅವರು ಆಗಲೇ ಜೋರಾಗಿ ಓಡುತ್ತಿರುತ್ತಾರೆ. ಆ ಜೋರು ಕಡಿಮೆಯಾಗದಂತೆ ಬ್ಯಾಟನ್ ದಾಟಿಸಬೇಕು, ಅದಕ್ಕೇ ಚೆಕ್ ಮಾರ್ಕ್ ಬೇಕು.

ಬ್ಯಾಟನ್ ಬದಲಾಯಿಸುವ ಝೋನ್ ಈಗ 30 ಮೀಟರ್ ಇದೆ. ಮೊದಲು 20 ಮೀಟರ್ ಇತ್ತು, ಅದರ ಹಿಂದೆ ವೇಗ ಪಡೆಯಲು ಬೇರೆ 10 ಮೀಟರ್ ಕೊಡುತ್ತಿದ್ದರು. ನಾನು ಝೋನ್ ಶುರುವಾಗುವ ಗೆರೆಯ ಒಳಗೇ, ಅದಕ್ಕೆ ಹತ್ತಿರ ನಿಲ್ಲುತ್ತೇನೆ. ಅಲ್ಲಿಂದ ಹಿಂದಕ್ಕೆ, ಹಿಮ್ಮಡಿಗೆ ತುದಿ ತಾಗಿಸಿ ಪಾದದಲ್ಲಿ ಅಳೆಯುತ್ತಾ ಹೋಗುತ್ತೇನೆ. ಸುಮಾರು 20-25 ಪಾದ ಆದಲ್ಲಿ ನಮ್ಮ ಲೇನಿನಲ್ಲೇ ಟೇಪ್ ಅಂಟಿಸುತ್ತೇನೆ. ಮೊದಲ ಓಟಗಾರ ಆ ಟೇಪ್ ದಾಟಿದ ಕೂಡಲೇ ನಾನು ಹೊರಡಬೇಕು. ಆಮೇಲೆ ತಿರುಗಿ ನೋಡುವುದಿಲ್ಲ. ಅವನು 'ಹ್ಯಾಂಡ್' ಅಂತ ಕೂಗಿದಾಗ ಎಡಗೈ ಹಿಂದಕ್ಕೆ ಚಾಚುತ್ತೇನೆ, ಅಷ್ಟೇ. ಅವನು ತಿರುವಿನಲ್ಲಿ ಬಲಗೈಲಿ ಬ್ಯಾಟನ್ ಹಿಡಿದು ಲೇನಿನ ಒಳಬದಿಗೆ ಓಡಿ ಬರುತ್ತಾನೆ, ನಾನು ಹೊರಬದಿಯಲ್ಲಿರುತ್ತೇನೆ, ಹಾಗಾಗಿ ಒಬ್ಬರ ಕಾಲು ಇನ್ನೊಬ್ಬರಿಗೆ ತಾಗುವುದಿಲ್ಲ. ನಾನು ಕೈ ಬದಲಿಸದೆ ಅದೇ ಎಡಗೈಯಿಂದ ಮೂರನೆಯವನ ಬಲಗೈಗೆ ಕೊಡುತ್ತೇನೆ.

ಟೇಪ್ ಎಷ್ಟು ದೂರ ಇರಬೇಕು ಅನ್ನುವುದು ಓಡಿಯೇ ಗೊತ್ತಾಗಬೇಕು. ಅವನು ಬೇಗ ಬಂದು ನನ್ನ ಬೆನ್ನಿಗೆ ಅಂಟಿಕೊಂಡರೆ ನಾನು ತಡವಾಗಿ ಹೊರಟೆ ಅಂತ ಅರ್ಥ, ಟೇಪನ್ನು ಇನ್ನೂ ಹಿಂದಕ್ಕೆ ಸರಿಸುತ್ತೇವೆ. ಎಷ್ಟು ಓಡಿದರೂ ನಾನು ಅವನ ಕೈಗೆ ಸಿಗದಿದ್ದರೆ ಟೇಪನ್ನು ನನ್ನ ಹತ್ತಿರಕ್ಕೆ ತರುತ್ತೇವೆ. ಒಂದು ಸಲಕ್ಕೆ ಒಂದೇ ಪಾದ, ಅದಕ್ಕಿಂತ ಜಾಸ್ತಿ ಬೇಡ. ಇದನ್ನೆಲ್ಲ ಪೂರ್ತಿ ವೇಗದಲ್ಲೇ ಮಾಡಬೇಕು. ಅರ್ಧ ವೇಗದಲ್ಲಿ ಸಿಕ್ಕಿದ ಅಳತೆ ಸ್ಪರ್ಧೆಗೆ ಏನೇನೂ ಉಪಯೋಗಕ್ಕೆ ಬರಲ್ಲ, ಇದನ್ನು ನಾನು ಎಷ್ಟು ಸಲ ಬೇಕಾದರೂ ಹೇಳುತ್ತೇನೆ. ಮತ್ತೆ, ಅವನು 100 ಮೀಟರ್ ಓಡಿ ದಣಿದು ಬರುತ್ತಾನೆ ಅಲ್ವಾ? ಹಾಗಾಗಿ ಬರೀ 30 ಮೀಟರ್ ಓಡಿಸಿ ಅಳೆದರೂ ಲೆಕ್ಕ ತಪ್ಪುತ್ತದೆ.

ಝೋನಿನ ವಿಷಯದಲ್ಲಿ ಹೊಸಬರಿಗೆ ಒಂದು ಗೊಂದಲ ಇದ್ದೇ ಇರುತ್ತದೆ. ಕೈ ಬದಲಾಗುವಾಗ ಬ್ಯಾಟನ್ ಝೋನಿನ ಒಳಗಿತ್ತಾ ಅಂತ ಮಾತ್ರ ನೋಡುತ್ತಾರೆ, ಆಗ ನಮ್ಮ ಕಾಲು ಗೆರೆ ದಾಟಿದ್ದರೂ ಪರವಾಗಿಲ್ಲ. ಆದರೆ ಹೊರಡುವಾಗ ಝೋನಿನ ಒಳಗಿನಿಂದಲೇ ಹೊರಡಬೇಕು.

ಸ್ಪರ್ಧೆಯ ದಿನ ನಾನು ಗಾಳಿ ನೋಡುತ್ತೇನೆ. ಬರುವವನಿಗೆ ಎದುರುಗಾಳಿ ಜೋರಾಗಿದ್ದರೆ ಟೇಪನ್ನು ಒಂದು ಪಾದ ಹತ್ತಿರ ತರುತ್ತೇನೆ. ಆಮೇಲೆ ಅದನ್ನು ಮುಟ್ಟುವುದಿಲ್ಲ, ಯಾರು ಏನೇ ಹೇಳಲಿ.