ತಪ್ಪು ಮಾಡಿ ಒಳಗೊಳಗೇ ಕೊರಗ್ತಿದ್ರೆ ಕ್ಷಮೆ ಕೇಳೋದು ಹೆಂಗೆ

ನಾಕು ವರ್ಷ ನಾನು ಶಿವಾಜಿನಗರದ ಸೇಂಟ್ ಮೇರೀಸ್ ಬೆಸಿಲಿಕಾದಲ್ಲಿ ಕ್ಯಾಂಡಲ್ ಹಚ್ಚಿದೀನಿ, ಆಗಸ್ಟ್ 29ಕ್ಕೆ ಧ್ವಜ ಏರಿದಾಗಿಂದ ಸೆಪ್ಟೆಂಬರ್ 8ರ ಮರಿಯಮ್ಮನ ಹಬ್ಬದ ತನಕ ಕಾವಿ ಸೀರೆ ಉಟ್ಕೊಂಡು ಒಂದಿನಾನೂ ನೊವೇನಾ ಪ್ರಾರ್ಥನೆ ತಪ್ಪಿಸಿಲ್ಲ, ಆದ್ರೂ ರಾತ್ರಿ ಮಲಗಿದ್ರೆ ಎದೆ ಮೇಲೆ ಯಾರೋ ಒರಳುಕಲ್ಲು ಇಟ್ಟಂಗೆ ಇರೋದು. ನಮ್ ಬೀದೀಲಿ ನಾನೇ ಚೀಟಿ ನಡೆಸ್ತಿದ್ದೆ. ಹೂ ಮಾರೋ ಅಕ್ಕ ಒಬ್ರು ಚೀಟಿ ಎತ್ತಿದಾಗ, ಅವ್ರಿಗೆ ಲೆಕ್ಕ ಬರಲ್ಲ ಅಂತ ಗೊತ್ತಿದ್ದೇ 8,000 ರೂಪಾಯಿ ಕಮ್ಮಿ ಕೊಟ್ಟೆ. ಕ್ಯಾಂಡಲ್ ಹಚ್ಚಿ ಹಚ್ಚಿ "ಸ್ವಾಮಿ ನಾನು ಪಾಪಿ" ಅಂತಿದ್ದೆನೇ ಹೊರತು ಆ 8,000ದ ಮಾತು ದೇವ್ರ ಹತ್ರಾನೂ ಎತ್ತಲಿಲ್ಲ.

ಅದಕ್ಕೇ ಮೊದ್ಲು ಹೇಳ್ತೀನಿ, ತಪ್ಪಿಗೆ ಹೆಸ್ರಿಡಿ. ಒಂದು ಪೇಪರ್ ತಗೊಂಡು ಯಾರಿಗೆ, ಯಾವಾಗ, ಏನು ಮಾಡಿದ್ರಿ ಅಂತ ಬರೀರಿ. "ನಾನು ಸರಿ ಇಲ್ಲ" ಅಂತ ಬರೆದ್ರೆ ಏನೂ ಬರೆದಂಗಲ್ಲ. ಬೈಬಲ್‌ನಲ್ಲಿ ಕೀರ್ತನೆ 32 ಓದಿ, ಬಾಯ್ಮುಚ್ಕೊಂಡಿದ್ದಷ್ಟು ದಿನ ಮೂಳೆಗಳೇ ಸವೆದುಹೋದ್ವು, ಒಪ್ಕೊಂಡ ಮೇಲೆ ನೀನು ಕ್ಷಮಿಸಿದೆ ಅಂತಿದೆ ಅದ್ರಲ್ಲಿ. ಆ ಸವೆಯೋದು ನಂಗೆ ಚೆನ್ನಾಗಿ ಗೊತ್ತು.

ಬರೆದಿದ್ದನ್ನ ಒಂದ್ಸಲ ನೋಡಿ, ನಿಮ್ದಲ್ಲದ ತಪ್ಪು ಅದ್ರಲ್ಲಿ ಸೇರ್ಕೊಂಡಿದ್ರೆ ಹೊಡೆದಾಕಿ. ಮಗು ಹುಷಾರಿಲ್ಲದೆ ತೀರ್ಕೊಳ್ತು, ಅಪ್ಪನ ಕೊನೇ ಗಳಿಗೇಲಿ ಟ್ರಾಫಿಕ್‌ನಲ್ಲಿ ಸಿಕ್ಕಾಕೊಂಡಿದ್ದೆ, ಇವೆಲ್ಲ ದುಃಖ, ಪಾಪ ಅಲ್ಲ. ಹುಟ್ಟು ಕುರುಡನ್ನ ನೋಡಿ ಶಿಷ್ಯರು ಇದು ಇವನ ಪಾಪಾನಾ ಇವನ ತಂದೆ ತಾಯಿ ಪಾಪಾನಾ ಅಂತ ಕೇಳಿದ್ರೆ ಯೇಸುಸ್ವಾಮಿ ಎರಡೂ ಅಲ್ಲ ಅಂದ್ರು, ಯೊವಾನ್ನರ ಶುಭಸಂದೇಶದ 9ನೇ ಅಧ್ಯಾಯದಲ್ಲಿದೆ. ನಮ್ಮಲ್ಲಿ ಎಷ್ಟೋ ಜನ ತಾಯಂದ್ರು ತಮ್ದಲ್ಲದ ಹೊರೆ ಹೊತ್ಕೊಂಡೇ ಮುದುಕಿಯರಾಗ್ತಾರೆ, ನೋಡಿದ್ರೆ ಕರುಳು ಕಿತ್ ಬರುತ್ತೆ.

ಆಮೇಲೆ ಬಾಯ್ಬಿಟ್ಟು ಹೇಳಿ. ನೀವು ಕ್ಯಾಥೊಲಿಕ್ ಆದ್ರೆ ಪಾಪನಿವೇದನೆಗೆ, ಅಂದ್ರೆ ಫಾದರ್ ಹತ್ರ ಪಾಪ ಒಪ್ಕೊಳ್ಳೋಕೆ ಹೋಗಿ, ಸಾಮಾನ್ಯವಾಗಿ ಚರ್ಚಿನ ಬಲಿಪೂಜೆಗೆ (ಮಾಸ್‌ಗೆ) ಮುಂಚೆ ಅವ್ರು ಸಿಗ್ತಾರೆ, ಇಲ್ಲಾಂದ್ರೆ ಚರ್ಚ್ ಆಫೀಸಲ್ಲಿ ಕೇಳಿದ್ರೆ ಟೈಮ್ ಹೇಳ್ತಾರೆ. ಬೆಂಗ್ಳೂರಲ್ಲಿ ಕನ್ನಡ, ತಮಿಳು, ಕೊಂಕಣಿ, ಇಂಗ್ಲಿಷ್ ಎಲ್ಲಾ ಮಾತಾಡೋ ಫಾದರ್‌ಗಳಿದಾರೆ, ಅಳು ಯಾವ ಭಾಷೇಲಿ ಬರುತ್ತೋ ಆ ಭಾಷೇಲೇ ಹೇಳ್ಕೊಳ್ಳಿ. ಶಿಲುಬೆ ಗುರುತು ಹಾಕಿ, ಹೋದ್ಸಲ ಪಾಪನಿವೇದನೆ ಮಾಡಿ ಎಷ್ಟು ದಿನ ಆಯ್ತು ಅಂತ ಹೇಳಿ, ಹತ್ತು ವರ್ಷ ಆಗಿದ್ರೆ ಹತ್ತು ವರ್ಷ ಅನ್ನಿ, ಪ್ರಾರ್ಥನೆ ಮರ್ತೋಗಿದ್ರೆ ಮರ್ತೋಗಿದೆ ಅನ್ನಿ, ಅವ್ರೇ ಹೇಳ್ಕೊಡ್ತಾರೆ. ನಂಗಂತೂ ಮೊಣಕಾಲೂರಿದ ಮೇಲೆ ಗಂಟಲು ಕಟ್ಕೊಂಡು, ಆ ಜಾಲರಿ ಆಚೆ ಫಾದರ್ ಸುಮ್ನೆ ಕಾಯ್ತಿದ್ರು, ಕೈಯಲ್ಲಿದ್ದ ಆ ಪೇಪರ್ ಬೆವರಿಗೆ ಒದ್ದೆಯಾಗಿ ಅಕ್ಷರ ಹರಡ್ಕೊಂಡಿತ್ತು, ಕೊನೇಗೆ "ಎಂಟು ಸಾವಿರ ಫಾದರ್" ಅಂತ ಮಾತ್ರ ಬಂತು. ಅವ್ರು ಬೈಲಿಲ್ಲ. ಯಾರ ದುಡ್ಡಮ್ಮ ಅಂತ ಕೇಳಿದ್ರು.

ಫಾದರ್ ಯಾರಿಗಾದ್ರೂ ಹೇಳ್ಬಿಟ್ರೆ ಅನ್ನೋ ಭಯ ಬೇಡ. ಪಾಪನಿವೇದನೇಲಿ ಕೇಳಿದ್ದನ್ನ ಅವ್ರು ಪ್ರಾಣ ಹೋದ್ರೂ ಹೊರಗೆ ಹೇಳೋ ಹಂಗಿಲ್ಲ, ಯಾರ ಪಾಪ ಅಂತ ನೇರವಾಗಿ ಬಯಲು ಮಾಡಿದ್ರೆ ಆ ಕ್ಷಣಾನೇ ಧರ್ಮಸಭೆಯಿಂದ ಬಹಿಷ್ಕಾರ.

ಸಿಎಸ್ಐ ಥರದ ಪ್ರಾಟೆಸ್ಟಂಟ್ ಸಭೆಯವ್ರಾದ್ರೆ ಭಾನುವಾರದ ಆರಾಧನೇಲಿ ಎಲ್ರೂ ಸೇರಿ ಪಾಪ ಅರಿಕೆ ಮಾಡ್ತೀರಲ್ಲ, ಅದನ್ನ ಗಡಗಡ ಓದ್ಬಿಡ್ದೆ ನಿಮ್ ಪೇಪರ್‌ನಲ್ಲಿರೋದನ್ನ ಅಲ್ಲಿ ನೆನೆಸ್ಕೊಳ್ಳಿ. ಅಷ್ಟಾದ್ರೂ ಭಾರ ಇಳೀಲಿಲ್ಲ ಅಂದ್ರೆ ಪಾಸ್ಟರ್ ಹತ್ರ ಒಬ್ರೇ ಹೋಗಿ ಮಾತಾಡಿ. ದಯವಿಟ್ಟು ಪ್ರೇಯರ್ ರಿಕ್ವೆಸ್ಟ್ ಅಂತ ವಾಟ್ಸಾಪ್ ಗ್ರೂಪಲ್ಲಿ ಮಾತ್ರ ಹಾಕ್ಬೇಡಿ.

ಇನ್ನು ಕಷ್ಟದ್ದು, ವಾಪಸ್ ಕೊಡೋದು. ಬೈಬಲ್‌ನಲ್ಲಿ ಸುಂಕ ವಸೂಲಿ ಮಾಡೋ ಜಕ್ಕಾಯ ಯಾರಿಗಾದ್ರೂ ಮೋಸ ಮಾಡಿದ್ರೆ ನಾಕರಷ್ಟು ಕೊಡ್ತೀನಿ ಅಂದ, ನನ್ನ ಕೈಲಿ ಅಷ್ಟಾಗ್ಲಿಲ್ಲ, 10,000 ಕವರಲ್ಲಿ ಹಾಕ್ಕೊಂಡು ಹೂವಿನಕ್ಕನ ಮನೆಗೆ ಹೋದೆ. ಹೊಸ್ತಿಲಲ್ಲೇ ನಿಂತು ಹೇಳ್ದೆ. ಅಕ್ಕ ನೋಟು ಎರಡು ಸಲ ಎಣಿಸಿ ಸೆರಗಿಗೆ ಗಂಟಾಕ್ಕೊಂಡ್ರು, "ಆವತ್ತು ನನ್ ಮಗಳ ಸ್ಕೂಲ್ ಫೀಸ್ ಕಟ್ಟೋಕಾಗ್ಲಿಲ್ಲ ಕಣಮ್ಮ" ಅಂದ್ರು, ಬಾಗಿಲು ಹಾಕ್ಕೊಂಡ್ರು. ಕ್ಷಮಿಸಿದೀನಿ ಅನ್ಲಿಲ್ಲ. ಹಂಗನ್ಬೇಕು ಅಂತ ಒತ್ತಾಯ ಮಾಡೋ ಹಕ್ಕು ನಂಗಿಲ್ಲ, ಮತ್ತೆ ಅವ್ರು ಅನ್ಲಿಲ್ಲ ಅಂತ ದೇವ್ರ ಕ್ಷಮೆ ನಿಂತೋಗಲ್ಲ, ಇವೆರಡನ್ನೂ ಒಟ್ಟಿಗೆ ಹಿಡ್ಕೊಳೋದು ಕಲಿಯೋಕೆ ನಂಗೆ ತುಂಬಾ ದಿನ ಬೇಕಾಯ್ತು. ಒಂದ್ವೇಳೆ ನೀವು ಹೋಗಿ ಹೇಳೋದ್ರಿಂದ ಅವ್ರ ಸಂಸಾರವೇ ಒಡೆಯೋ ಥರ ಇದ್ರೆ ಅಥ್ವಾ ಅವ್ರು ತೀರ್ಕೊಂಡಿದ್ರೆ, ಮೊದ್ಲು ಫಾದರನ್ನೋ ಪಾಸ್ಟರನ್ನೋ ಕೇಳಿ ಆಮೇಲೆ ಹೆಜ್ಜೆ ಇಡಿ.

ಇಷ್ಟೆಲ್ಲಾ ಮಾಡಿದ ಮೇಲೂ ಆ ಕೊರಗು ವಾಪಸ್ ಬರುತ್ತೆ, ಬಂದಾಗ ಗಾಬರಿ ಆಗ್ಬೇಡಿ, ಕ್ಷಮಿಸಿದ್ದಾಗಿದೆ, ಮನಸ್ಸಿಗೆ ಸುದ್ದಿ ಮುಟ್ಟೋದು ಲೇಟು. ಅದೇ ಪಾಪಾನ ಪ್ರತೀ ವಾರ ಹೋಗಿ ಹೇಳೋದೂ ಬೇಡ. ನಂಗೆ ಆಗ ಯೇಸುವಿನ ಶಿಷ್ಯ ಪೇತ್ರ ನೆನಪಾಗ್ತಾನೆ. ಯೇಸುವನ್ನ ಹಿಡ್ಕೊಂಡು ಹೋದ ರಾತ್ರಿ ಇದ್ದಿಲ ಬೆಂಕಿ ಕಾಯಿಸ್ಕೊಳ್ತಾ "ಆ ಮನುಷ್ಯನ್ನ ನಾನರಿಯೆ" ಅಂದವನು ಅವನು, ಯೇಸು ಪುನರುತ್ಥಾನ ಆದ್ಮೇಲೆ ಸಮುದ್ರದ ದಡದಲ್ಲಿ ಮತ್ತೆ ಇದ್ದಿಲ ಬೆಂಕಿ ಮೇಲೇ ಮೀನು ಸುಟ್ಟು ಬಾ ತಿನ್ನು ಅಂತ ಕರೀತಾರೆ, ಮೂರು ಸಲ ಅಲ್ಲಗಳೆದವನ್ನ ಮೂರು ಸಲ ನನ್ನನ್ನ ಪ್ರೀತಿಸ್ತೀಯಾ ಅಂತ ಕೇಳ್ತಾರೆ. ಯೇಸುವನ್ನ ಹಿಡಿದುಕೊಟ್ಟ ಯೂದನೂ ಪಶ್ಚಾತ್ತಾಪ ಪಟ್ಟ, 30 ಬೆಳ್ಳಿ ನಾಣ್ಯ ವಾಪಸ್ಸೂ ಕೊಟ್ಟ, ಆದ್ರೆ ಹೋಗಿದ್ದು "ಅದಕ್ಕೆ ನಾವೇನು ಮಾಡೋದು" ಅನ್ನೋ ಯಾಜಕರ ಹತ್ರ. ಅವನು ಯೇಸುವಿನ ಹತ್ರ ವಾಪಸ್ ಬಂದಿದ್ರೆ ಅಂತ ನಂಗೆ ಇವತ್ತಿಗೂ ಸಂಕಟ ಆಗುತ್ತೆ.

ನಿದ್ದೆ ಊಟ ಬಿಟ್ಟೋಗಿ, ಸಾಯ್ಬೇಕು ಅಂತೆಲ್ಲ ಅನ್ಸಿದ್ರೆ ಬರೀ ಪ್ರಾರ್ಥನೆ ಸಾಕು ಅನ್ಕೋಬೇಡಿ, 14416ಕ್ಕೆ ಫೋನ್ ಮಾಡಿ, ಅದು ಸರ್ಕಾರದ ಟೆಲಿ ಮಾನಸ್ ಸಹಾಯವಾಣಿ, ದುಡ್ಡು ಕೊಡ್ಬೇಕಿಲ್ಲ, ಕನ್ನಡದಲ್ಲೇ ಮಾತಾಡ್ಬೋದು, ಹೊಸೂರು ರೋಡಲ್ಲಿ ನಿಮ್ಹಾನ್ಸ್ ಕೂಡ ಇದೆ.

ಅಂದಂಗೆ ಆ ಪೇಪರ್ ಕೆಲ್ಸ ಮುಗಿದ ದಿನಾನೇ ಹರಿದಾಕಿ, ಫೋನಲ್ಲಿ ಟೈಪ್ ಮಾಡ್ಕೊಂಡಿದ್ರೆ ಡಿಲೀಟ್ ಮಾಡಿ. ನಾನು ನನ್ದನ್ನ ಬೆಸಿಲಿಕಾದ ಕ್ಯಾಂಡಲ್ ಹಚ್ಚೋ ಜಾಗದಲ್ಲೇ ಸುಟ್ಟೆ, ಆವತ್ತು ಕ್ಯಾಂಡಲ್ ತಗೊಂಡಿರ್ಲಿಲ್ಲ.