ಎಂಜಿನ್ ಬಿಚ್ಚದೆ ಸರಿಹೋದ ಆರ್‌ಎಕ್ಸ್ 100: ಮಿಕುನಿ ಕಾರ್ಬುರೇಟರ್ ಟ್ಯೂನ್ ಮಾಡಿದ ನನ್ನ ಅನುಭವ

ಚಿಕ್ಕಬಳ್ಳಾಪುರದಲ್ಲಿ ನನ್ನ ಯಮಾಹಾ ಆರ್‌ಎಕ್ಸ್ 100 ನೋಡಿದ ಮೆಕ್ಯಾನಿಕ್‌ಗಳೆಲ್ಲ ಒಂದೇ ಮಾತು ಹೇಳಿದರು: ಕ್ರ್ಯಾಂಕ್ ಸೀಲ್ (ಎಂಜಿನ್ನಿನ ತಿರುಗುವ ದಂಡದ ಬಳಿ ಗಾಳಿ ಸೋರದಂತೆ ತಡೆಯುವ ರಬ್ಬರ್ ಉಂಗುರ) ಹೋಗಿದೆ, ಎಂಜಿನ್ ಬಿಚ್ಚಬೇಕು. ಖರ್ಚು ಎಂಟು ಸಾವಿರದಿಂದ ಶುರು. ಬಿಚ್ಚಿದ ಮೇಲೆ ಬೋರ್, ಪಿಸ್ಟನ್ ಎಂದು ಎಲ್ಲಿಗೆ ಹೋಗಿ ನಿಲ್ಲುತ್ತದೆಯೋ ದೇವರೇ ಬಲ್ಲ. ಕಾರ್ಬುರೇಟರ್‌ನಲ್ಲೇ (ಪೆಟ್ರೋಲ್ ಮತ್ತು ಗಾಳಿ ಬೆರೆಸುವ ಭಾಗ) ದೋಷ ಇದೆ ಎಂದು ನಾನು ಹೇಳಿದಾಗ, ಮನೆಯ ಹಿತ್ತಲಲ್ಲಿ ಸ್ಕ್ರೂಡ್ರೈವರ್ ಹಿಡಿಯುವವನ ಮಾತಿಗೆ ಏನು ಬೆಲೆ ಎಂಬಂತೆ ನಕ್ಕರು. ಕ್ರ್ಯಾಂಕ್‌ಕೇಸ್‌ನ ಒಂದು ಬೋಲ್ಟನ್ನೂ ಮುಟ್ಟದೆ ಗಾಡಿ ಈಗ ಒಂದು ಮಳೆಗಾಲ, ಒಂದು ಬೇಸಿಗೆ ದಾಟಿದೆ.

ಲಕ್ಷಣಗಳು ನಿಮಗೆಲ್ಲ ಗೊತ್ತಿರುವಂಥವೇ. ಎಕ್ಸಲರೇಟರ್ ಬಿಟ್ಟರೂ ಆರ್‌ಪಿಎಂ ಇಳಿಯದು. ಕಾಲು ಭಾಗ ತಿರುಗಿಸಿದರೆ ಎಳೆತವಿಲ್ಲ. ನಂದಿ ಬೆಟ್ಟದ ತಿರುವುಗಳಲ್ಲಿ ಬಿಸಿಯೇರಿ ಪಿಸ್ಟನ್ ಅರೆಬರೆ ಹಿಡಿದು ಬಿಡುತ್ತಿತ್ತು. ಬೆಟ್ಟ ಹತ್ತಿದಷ್ಟೂ ಗಾಳಿ ತೆಳುವಾಗಿ ಮಿಕ್ಸ್ಚರ್ ರಿಚ್ (ಪೆಟ್ರೋಲ್ ಪಾಲು ಹೆಚ್ಚು) ಆಗಬೇಕು. ಚಿಕ್ಕಬಳ್ಳಾಪುರ ಸುಮಾರು 915 ಮೀಟರ್ ಎತ್ತರದಲ್ಲಿದೆ, ನಂದಿಯ ತುದಿ 1478 ಮೀಟರ್. ಅಲ್ಲಿಗೆ ಹೋದರೂ ಲೀನ್ (ಪೆಟ್ರೋಲ್ ಪಾಲು ಕಡಿಮೆ) ಆಗಿಯೇ ಓಡುತ್ತದೆ ಎಂದರೆ ಕೆಳಗೆ ಎಷ್ಟು ಲೀನ್ ಇದ್ದಿರಬೇಕು, ಊಹಿಸಿ.

ಸೀಲ್ ಸೋರಿದರೂ ಹೆಚ್ಚು ಗಾಳಿ ಒಳಹೊಕ್ಕು ಲೀನ್ ಆಗುತ್ತದೆ, ಹಾಗಾಗಿ ಮೊದಲು ಆ ವಾದವನ್ನು ಮುಗಿಸಬೇಕಿತ್ತು. ಮನೆಯಲ್ಲಿದ್ದ ಹಳೆಯ ಬಿ.ಪಿ. ಉಪಕರಣ ಇಲ್ಲಿ ಕೈಹಿಡಿಯಿತು. ಹಳೆಯ ಸ್ಪಾರ್ಕ್ ಪ್ಲಗ್ಗಿನ ಪಿಂಗಾಣಿ ಒಡೆದು ತೆಗೆದು, ಉಳಿದ ಲೋಹದ ಭಾಗಕ್ಕೆ ಬಿ.ಪಿ. ಉಪಕರಣದ ರಬ್ಬರ್ ಕೊಳವೆಯನ್ನು ಅರಾಲ್ಡೈಟ್‌ನಿಂದ ಕೂರಿಸಿದೆ. ಎಕ್ಸಾಸ್ಟ್ ಬಾಯಿಗೆ ಸೈಕಲ್ ಟ್ಯೂಬಿನ ತುಂಡು, ಅದರ ಮೇಲೊಂದು ತಗಡು. ಇನ್‌ಟೇಕ್ ರಬ್ಬರಿಗೆ ಬಿರಡೆ. ಆಯಿಲ್ ಪೈಪಿನ ಬಾಯಿಯೂ ಬಂದ್. ಪಿಸ್ಟನ್ ಪೂರ್ತಿ ಕೆಳಗಿಳಿಸಿ ಬಲ್ಬ್ ಒತ್ತುತ್ತಾ ಹೋದೆ. ಗೇಜಿನ ಕೊನೆಯ ಗೆರೆ 300 ಮಿ.ಮೀ. ಪಾದರಸ, ಅಂದರೆ ಹೆಚ್ಚುಕಡಿಮೆ 6 ಪಿಎಸ್‌ಐ. ಟೂ ಸ್ಟ್ರೋಕ್ ಸೀಲ್ ಪರೀಕ್ಷೆಗೆ ಅಷ್ಟು ಸಾಕು, ಅದಕ್ಕಿಂತ ಹೆಚ್ಚು ಒತ್ತಡ ಬೇಡವೂ ಬೇಡ. ಐದಾರು ನಿಮಿಷದಲ್ಲಿ ಮುಳ್ಳು ಒಂದೆರಡು ಗೆರೆ ಇಳಿದಿರಬಹುದು, ಅಷ್ಟೇ. ಸೋಪಿನ ನೀರು ಬಳಿದಾಗ ಗುಳ್ಳೆ ಎದ್ದದ್ದು ಸೀಲ್ ಬಳಿ ಅಲ್ಲ, ಇನ್‌ಟೇಕ್ ಜಾಯಿಂಟ್ ರಬ್ಬರಿನ ಕೆಳಬದಿಯ ಕೂದಲೆಳೆಯಂಥ ಬಿರುಕಿನಲ್ಲಿ. ಇನ್ನೂರು ಚಿಲ್ಲರೆಯ ರಬ್ಬರ್ ಅದು.

ರಬ್ಬರ್ ಬದಲಿಸಿದ ಮೇಲೆ ಆರ್‌ಪಿಎಂ ಇಳಿಯತೊಡಗಿತು, ಆದರೆ ಎಳೆತ ಬರಲಿಲ್ಲ. ದುಡ್ಡು ಹೋಗಿದ್ದು ಇಲ್ಲಿಂದ ಮುಂದೆ.

ಬೆಂಗಳೂರಿನ ಜೆ.ಸಿ. ರಸ್ತೆಯಿಂದ ಹೊಸ ಕಾರ್ಬುರೇಟರ್ ತಂದೆ, ಸಾವಿರದ ಇನ್ನೂರರ ಆಸುಪಾಸು. ನೋಡಲು ಗಾಡಿಯ ಮೂಲ ಮಿಕುನಿ ವಿಎಂ 20ರ ಪಡಿಯಚ್ಚು. ಎಕ್ಸಲರೇಟರ್ ತಿರುಗಿಸಿದಾಗ ಮೇಲೇಳುವ ಸ್ಲೈಡ್ ಮಾತ್ರ ಎಷ್ಟು ಸಡಿಲ ಎಂದರೆ ಅಲ್ಲಾಡಿಸಿದರೆ ಕಟಕಟ ಸದ್ದು. ಎರಡು ವಾರದಲ್ಲಿ ಸ್ಲೈಡಿನ ಸೂಜಿ ಮೇಲೆ ಕೆಳಗೆ ಆಡುವ ರಂಧ್ರ ಸವೆದು ಅಂಡಾಕಾರವಾಯಿತು. ಆ ಕಾರ್ಬುರೇಟರ್ ಈಗ ಪೇಪರ್ ಹಾರದಂತೆ ಮೇಜಿನ ಮೇಲೆ ಕೂತಿದೆ. ಹಳೆಯ ಜಪಾನೀ ಕಾರ್ಬುರೇಟರನ್ನೇ ಉಳಿಸಿಕೊಳ್ಳಬೇಕೆಂದು ಆಗ ನಿಶ್ಚಯಿಸಿದೆ.

ಅದರ ಅಡಿಯ ಪೆಟ್ರೋಲ್ ಬಟ್ಟಲು (ಬೌಲ್) ತೆಗೆದರೆ ತಳದಲ್ಲಿ ಬಿಳಿ ಹುಡಿ, ನಿಧಾನ ಓಟಕ್ಕೆ ಪೆಟ್ರೋಲ್ ಬಿಡುವ ಪೈಲಟ್ ಜೆಟ್ಟಿನ (ಸಣ್ಣ ರಂಧ್ರದ ಹಿತ್ತಾಳೆ ತುಂಡು) ಬಾಯಲ್ಲಿ ಹಸಿರು ಗೋಂದು. ಈಗಿನ ಪೆಟ್ರೋಲಿಗೆ ಬೆರೆಸುವ ಎಥನಾಲ್ ನೀರು ಹೀರಿಕೊಂಡು ಮಾಡುವ ಕೆಲಸ. ಕುತೂಹಲಕ್ಕೆ ಅಳತೆಗೆರೆಯ ಔಷಧಿ ಶೀಶೆಯಲ್ಲಿ 50 ಮಿಲಿ ಪೆಟ್ರೋಲ್, 10 ಮಿಲಿ ನೀರು ಹಾಕಿ ಚೆನ್ನಾಗಿ ಕುಲುಕಿ ಇಟ್ಟೆ. ಎಥನಾಲ್ ಪೆಟ್ರೋಲ್ ಬಿಟ್ಟು ನೀರಿಗೆ ಸೇರಿ, ತಳದ ನೀರಿನ ಪದರ ಹದಿನೆಂಟು ಹತ್ತೊಂಬತ್ತಕ್ಕೆ ಏರಿ ನಿಂತಿತು. ಬಂಕಿನವರು ಹೇಳುವ ಇ20 (ಶೇ. 20 ಎಥನಾಲ್ ಬೆರೆತ ಪೆಟ್ರೋಲ್) ನಿಜವಾಗಿ ಇ20ಯೇ. 1996ರಲ್ಲಿ ತಯಾರಿಕೆ ನಿಂತ ಗಾಡಿಗೆ ಈ ಪೆಟ್ರೋಲ್‌ನ ಗಂಧಗಾಳಿ ಇರಲಿಲ್ಲ. ಶುದ್ಧ ಪೆಟ್ರೋಲ್‌ಗೆ ಸರಿಯಾಗಿ ಉರಿಯಲು ತೂಕದಲ್ಲಿ ಒಂದಕ್ಕೆ 14.7 ಪಾಲು ಗಾಳಿ ಬೇಕು, ಎಥನಾಲ್‌ಗೆ 9. ಐದನೇ ಒಂದು ಭಾಗ ಎಥನಾಲ್ ಬೆರೆತರೆ ಹಳೆಯ ಜೆಟ್ ಸಾಲುವುದು ಹೇಗೆ? ಈ ಲೆಕ್ಕ ಹೇಳಿದಾಗ ಒಬ್ಬ ಮೆಕ್ಯಾನಿಕ್, ‘ಪುಸ್ತಕದ ಬದನೆಕಾಯಿ’ ಎಂದ.

ಹಿತ್ತಾಳೆ ಜೆಟ್‌ಗಳನ್ನು ಹುಣಸೆ ರಸದಲ್ಲಿ ಹತ್ತು ನಿಮಿಷ ನೆನೆಸಿದರೆ ಹೊಸದರಂತೆ ಹೊಳೆಯುತ್ತವೆ. ಬಾಡಿಯನ್ನು ಮಾತ್ರ ಅದರಲ್ಲಿ ಅದ್ದಬೇಡಿ, ಆ ಲೋಹವನ್ನು ಹುಳಿ ತಿನ್ನುತ್ತದೆ. ಬಾಡಿಯೊಳಗಿನ ದಾರಿಗಳಿಗೆ ಸೂಕ್ಷ್ಮ ಕಂಪನದಿಂದ ತೊಳೆಯುವ ಅಲ್ಟ್ರಾಸೋನಿಕ್ ಯಂತ್ರವೇ ಆಗಬೇಕು. ಕೊಂಡರೆ ನಾಲ್ಕು ಸಾವಿರ. ಕನ್ನಡಕದ ಅಂಗಡಿಯ ಗೆಳೆಯನದ್ದನ್ನು ಭಾನುವಾರ ಎರವಲು ತಂದೆ. ಯಾವ ದ್ರಾವಣ ಹಾಕಿದೆ ಎಂದು ಕೇಳಬೇಡಿ, ಅದಿಷ್ಟು ನನ್ನ ಬಳಿಯೇ ಇರಲಿ. ಯಂತ್ರವನ್ನು ತೊಳೆದು ಹಿಂದಿರುಗಿಸಿದೆನಾದರೂ ಗೆಳೆಯ ವಾರವಿಡೀ ಗಿರಾಕಿಗಳ ಕನ್ನಡಕದಲ್ಲಿ ಪೆಟ್ರೋಲ್ ವಾಸನೆ ಎಂದು ಗೊಣಗಿದ.

ಇನ್ನು ಜೆಟ್. ಒಂದೇ ಸಂಖ್ಯೆ ಹೊಡೆದ ಎರಡು ಡೂಪ್ಲಿಕೇಟ್ ಜೆಟ್‌ಗಳು ಎರಡು ರೀತಿ ಓಡಿದಾಗ ಸಂಶಯ ಬಂತು. 20 ಮಿಲಿ ಸಿರಿಂಜಿನ ಹಿಡಿ ತೆಗೆದು, ತುದಿಗೆ ಚಿಕ್ಕ ಕೊಳವೆಯಲ್ಲಿ ಜೆಟ್ ಸಿಕ್ಕಿಸಿ, ಪೆಟ್ರೋಲ್ ತುಂಬಿ, ಮೊಬೈಲಿನ ಸ್ಟಾಪ್‌ವಾಚ್ ಹಿಡಿದು ಕೂತೆ. ಒಂದು ಜೆಟ್ ಹದಿನಾಲ್ಕು ಸೆಕೆಂಡಿನ ಹತ್ತಿರ ಖಾಲಿ ಮಾಡಿದರೆ ಇನ್ನೊಂದಕ್ಕೆ ಹದಿನೇಳು ಬೇಕಾಯಿತು. ಮೇಲೆ ಹೊಡೆದ ಸಂಖ್ಯೆಯನ್ನು ನಂಬುವುದನ್ನು ಅಂದೇ ಬಿಟ್ಟೆ. ಈಗ ಡಬ್ಬಿಯಲ್ಲಿರುವ ಎಲ್ಲ ಜೆಟ್‌ಗಳಿಗೂ ಸೆಕೆಂಡ್ ಬರೆದ ಚೀಟಿ ಅಂಟಿಸಿದ್ದೇನೆ. ಜೆಟ್‌ಗಳಿಗೇ ಏಳೆಂಟು ನೂರು ರೂಪಾಯಿ ಸುರಿದಿರಬೇಕು.

ಟ್ಯೂನಿಂಗ್‌ಗೆ ಪೆರೇಸಂದ್ರದ ಕಡೆಯ ಹೆದ್ದಾರಿ, ಬೆಳಿಗ್ಗೆ ಲಾರಿಗಳು ಕಡಿಮೆ ಇರುವ ಹೊತ್ತು. ಹ್ಯಾಂಡಲ್‌ಗೆ ಬಿಳಿ ಟೇಪು ಸುತ್ತಿ ಕಾಲು, ಅರ್ಧ, ಮುಕ್ಕಾಲು ಗೆರೆ ಎಳೆದಿದ್ದೆ. ಪೂರ್ತಿ ಎಕ್ಸಲರೇಟರ್‌ನಲ್ಲಿ ಓಡಿಸಿ, ಕ್ಲಚ್ ಹಿಡಿದು ಎಂಜಿನ್ ಆರಿಸಿ, ಪ್ಲಗ್ ಬಿಚ್ಚುವುದು. ಇ20ರಲ್ಲಿ ಪ್ಲಗ್ ತುದಿಯ ಬಣ್ಣ ಮೋಸ ಮಾಡುತ್ತದೆ, ಸದಾ ಬಿಳುಪಾಗಿಯೇ ಕಾಣುತ್ತದೆ. ಪಿಂಗಾಣಿಯ ಬುಡದಲ್ಲಿ ಒಳಗಡೆ ಟಾರ್ಚ್ ಹಿಡಿದು ನೋಡಿ. ಅಲ್ಲಿ ಕಂದು ಉಂಗುರ ಕಂಡರೆ, ಪೂರ್ತಿ ಎಕ್ಸಲರೇಟರಿಗೆ ಪೆಟ್ರೋಲ್ ಕೊಡುವ ಮೇನ್ ಜೆಟ್ ಸರಿ. ಮೇನ್ ಎರಡು ಸೈಜ್ ಮೇಲೆ, ಪೈಲಟ್ ಒಂದು ಸೈಜ್ ಮೇಲೆ ಹೋಯಿತು. ಸೂಜಿಯ ಎತ್ತರ ನಿರ್ಧರಿಸುವ ಕ್ಲಿಪ್ ಎಲ್ಲಿರಬೇಕು ಎಂಬುದನ್ನು ನೀವೇ ಹುಡುಕಿಕೊಳ್ಳಿ, ಗಾಡಿಯಿಂದ ಗಾಡಿಗೆ ಅದು ಬೇರೆ. ಏರ್ ಸ್ಕ್ರೂ ಒಂದೂವರೆ ಸುತ್ತು ಹೊರಗೆ. ವಿಎಂನಲ್ಲಿ ಒಳಗೆ ತಿರುಗಿಸಿದರೆ ರಿಚ್ ಎಂಬುದನ್ನು ಪಲ್ಸರ್‌ಗೆ ಒಗ್ಗಿದ ಕೈಗಳು ಮರೆಯುತ್ತವೆ. ನನ್ನ ಗಾಡಿಯನ್ನು ಅರ್ಧ ಕೆಡಿಸಿದ್ದು ಆ ಕೈಗಳೇ ಎಂದು ನನ್ನ ಬಲವಾದ ಗುಮಾನಿ.

ಮೈಲೇಜ್ ಕೇಳುವವರಿಗೆ: ಮೂವತ್ತೆಂಟರಿಂದ ಮೂವತ್ತೈದರ ಹತ್ತಿರ ಇಳಿದಿದೆ. ಇಳಿಯಲೇಬೇಕು, ಪೆಟ್ರೋಲ್ ಹೆಚ್ಚು ಕುಡಿಯಲಿ ಎಂದೇ ತಾನೇ ಜೆಟ್ ದೊಡ್ಡದು ಮಾಡಿದ್ದು? ಪಿಸ್ಟನ್ ಕಿಟ್‌ನ ಬೆಲೆಯ ಮುಂದೆ ಆ ಮೂರು ಕಿಲೋಮೀಟರ್ ಯಾವ ಲೆಕ್ಕ. ಕೆಲಸಕ್ಕೆ ಬಾರದ ಕಾರ್ಬುರೇಟರನ್ನೂ ಸೇರಿಸಿದರೆ ಒಟ್ಟು ಖರ್ಚು ಎರಡೂವರೆ ಸಾವಿರದೊಳಗೆ.

ಈಗ ನಂದಿಗೆ ಹಿಂದಿನ ಸೀಟಿನಲ್ಲಿ ಒಬ್ಬರನ್ನು ಕೂರಿಸಿಕೊಂಡೇ ಹತ್ತಿದೆ. ತುದಿಯ ತಿರುವುಗಳಲ್ಲಿ ಸ್ವಲ್ಪ ರಿಚ್ ಆಗಿ ಗುಡುಗುತ್ತದೆ, ಹೊಗೆಯೂ ಉಂಟು. ಅದಕ್ಕಾಗಿ ಕ್ಲಿಪ್ ಬದಲಿಸುವ ಗೋಜಿಗೆ ಹೋಗುವುದಿಲ್ಲ. ಈಗ ಹಿತ್ತಲಿಗೆ ಗೆಳೆಯನ ಯೆಜ್ಡಿ ಬೈಕ್ ಬಂದು ನಿಂತಿದೆ. ಅದರ ಜಿಕೋವ್ ಕಾರ್ಬುರೇಟರ್ ಕಿತ್ತು ಮಿಕುನಿ ಹಾಕಿಸು ಎಂದು ಅದೇ ಮೆಕ್ಯಾನಿಕ್‌ಗಳು ಹೇಳಿದ್ದಾರೆ. ಸದ್ಯಕ್ಕೆ ಕೀಳಬೇಡ ಎಂದಿದ್ದೇನೆ, ಜೆಟ್ ಬಿಚ್ಚಿ ಸಿರಿಂಜಿಗೆ ಸಿಕ್ಕಿಸಿ ನೋಡುವುದು ಬಾಕಿ ಇದೆ.